ಗಾಲಿ ಅಗಲ ಮಾಡಿಸಿದ ಚಾಲಕ

"ಗುರುಗಳೇ, ಕಾರಿನ ಗಾಲಿಗೆ ಸ್ಪೇಸರ್ ಹಾಕಿಸಬಹುದೇ? ಅದರಿಂದ ಏನಾದರೂ ಅಪಾಯವಿದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. ಕರ್ಮ ಎಂದರೇನು, ಮುಕ್ತಿ ಎಂದರೇನು ಎಂದು ಕೇಳುವವರೇ ಅವರ ಬಳಿ ಹೆಚ್ಚು. ಇಂಥ ಪ್ರಶ್ನೆ ಬಂದು ಬಹಳ ದಿನವಾಗಿತ್ತು. ಅವರ ಮುಖ ಅರಳಿತು.

"ಸ್ಪೇಸರ್ ಎಂದರೇನು? ಮೊದಲು ಅದನ್ನು ಹೇಳು," ಎಂದರು.

"ದಪ್ಪನೆಯ ಒಂದು ಲೋಹದ ಬಿಲ್ಲೆ, ಗುರುಗಳೇ. ಗಾಲಿಯನ್ನು ಬಿಚ್ಚಿ, ಗಾಲಿಗೂ ಅದು ಕೂರುವ ಹಬ್‌ಗೂ ನಡುವೆ ಇಡುತ್ತಾರೆ. ಆಗ ಗಾಲಿ ಆ ಬಿಲ್ಲೆಯ ದಪ್ಪದಷ್ಟು ಹೊರಗೆ ಬರುತ್ತದೆ. ಕಾರು ಅಗಲವಾಗಿ, ಗತ್ತಾಗಿ ಕಾಣುತ್ತದೆ."

"ಗತ್ತಾಗಿ," ಎಂದು ಗುರುಗಳು ತಲೆದೂಗಿದರು. "ಸರಿ. ಹಾಗಾದರೆ ಒಬ್ಬ ಚಾಲಕನ ಕತೆ ಹೇಳುತ್ತೇನೆ, ಕೇಳು."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಾಡಿಗೆ ಕಾರಿನ ಚಾಲಕನಿದ್ದ. ಒಳ್ಳೆಯವನು. ಕುಡಿಯುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಬಾಗಿಲ ಮುಂದೆ ಕಾರು ತಂದು ನಿಲ್ಲಿಸುತ್ತಿದ್ದ. ಅವನಿಗೆ ತಾಯಿಯಿದ್ದಳು, ಮದುವೆಯಾದ ಒಬ್ಬಳು ತಂಗಿಯಿದ್ದಳು. ಅವನಿಗಿದ್ದ ಕೊರಗು ಒಂದೇ. ಅವನ ಕಾರಿನ ಗಾಲಿಗಳು ಮಡ್‌ಗಾರ್ಡಿನ ಒಳಗೆ ಅಡಗಿಕೊಂಡಂತೆ ಇದ್ದವು.

ಸ್ಟ್ಯಾಂಡಿನ ಉಳಿದ ಚಾಲಕರು ಅದನ್ನು ನೋಡಿ ನಗುತ್ತಿದ್ದರು. "ಏನಪ್ಪಾ, ನಿನ್ನ ಕಾರು ಪಂಚೆ ಎತ್ತಿ ಕಟ್ಟಿದ ಸಾಹುಕಾರನ ಹಾಗಿದೆಯಲ್ಲ! ಮೇಲೆ ಹೊಟ್ಟೆ, ಕೆಳಗೆ ಕಡ್ಡಿ ಕಾಲು," ಎನ್ನುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಆದರೆ ಮನೆಗೆ ಬಂದ ಮೇಲೆ ಕಾರಿನ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮುಚ್ಚಿದ ಕಣ್ಣು ತೆರೆದು ನೋಡಿದರೂ ಅದು ಸಾಹುಕಾರನ ಹಾಗೆಯೇ ಕಾಣುತ್ತಿತ್ತು.

ಒಂದು ದಿನ ಅವನು ಪಟ್ಟಣದಲ್ಲಿ ಕಾರುಗಳಿಗೆ ಅಲಂಕಾರ ಮಾಡುವ ಅಂಗಡಿಗೆ ಹೋದ. ಅಂಗಡಿಯವನು ಎರಡು ಬಗೆಯ ಬಿಲ್ಲೆಗಳ ವಿಷಯ ಹೇಳಿದ. ಒಂದು, ಆ ಕಾರಿಗೆಂದೇ ಅಳತೆ ನೋಡಿ ಮಾಡಿದ್ದು. ಅದರ ಜೊತೆ ಉದ್ದನೆಯ ಬೋಲ್ಟುಗಳೂ ಬರುತ್ತವೆ. ಆದರೆ ತರಿಸಬೇಕು, ಎಂಟು ದಿನ ಬೇಕು. ಇನ್ನೊಂದು ಎಲ್ಲ ಕಾರುಗಳಿಗೂ ಆಗುವಂಥದ್ದು. ಅದು ಅಲ್ಲೇ ಗೋಡೆಯ ಮೇಲೆ ತೂಗುತ್ತಿತ್ತು.

ಚಾಲಕ ಗೋಡೆಯ ಕಡೆಗೆ ಕೈ ತೋರಿಸಿದ.

ಅಂಗಡಿಯವನು ನಾಲ್ಕು ಗಾಲಿಗಳನ್ನೂ ಬಿಚ್ಚಿ, ಕಿರುಬೆರಳಿನಷ್ಟು ದಪ್ಪದ ಬಿಲ್ಲೆಗಳನ್ನು ಇಟ್ಟು, ಮತ್ತೆ ಗಾಲಿ ಬಿಗಿದ. "ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಬನ್ನಿ. ನಟ್ಟು ಮತ್ತೆ ಬಿಗಿ ಮಾಡಬೇಕು," ಎಂದ. ಚಾಲಕ ಆಗಲಿ ಎಂದ. ಅವನ ಕಣ್ಣು ಆಗಲೇ ಗಾಲಿಯ ಮೇಲಿತ್ತು. ಗಾಲಿಗಳು ಮಡ್‌ಗಾರ್ಡಿನಿಂದ ಹೊರಗೆ ಬಂದು, ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ ಕಾಣುತ್ತಿದ್ದವು.

ಸ್ಟ್ಯಾಂಡಿನಲ್ಲಿ ಆ ದಿನ ಯಾರಿಗೂ ಬೇರೆ ಮಾತಿರಲಿಲ್ಲ. ಒಬ್ಬ ಕಾರನ್ನು ಎರಡು ಸುತ್ತು ಹಾಕಿ ನೋಡಿದ. ಇನ್ನೊಬ್ಬ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಸಾಹುಕಾರ ಎನ್ನುತ್ತಿದ್ದವನೇ ಎಲ್ಲರಿಗೂ ಚಹಾ ಹೇಳಿದ. ಚಾಲಕನಿಗೆ ತಾನೇ ಎರಡು ಅಂಗುಲ ಅಗಲವಾದ ಹಾಗೆ ಅನ್ನಿಸಿತು.

ನೂರು ಕಿಲೋಮೀಟರ್ ಆಯಿತು. ಐನೂರು ಆಯಿತು. ಅಂಗಡಿಗೆ ಹೋಗುವುದು ನೆನಪಾಗುತ್ತಿತ್ತು, ಆದರೆ ಆ ಕಡೆಯ ಬಾಡಿಗೆ ಸಿಗುತ್ತಿರಲಿಲ್ಲ. ಕಾರು ಜೋರಾಗಿ ಓಡಿದಾಗ ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. ಚಾಲಕ ಹಾಡಿನ ದನಿ ಹೆಚ್ಚಿಸುತ್ತಿದ್ದ. ಹಾಡಿನ ದನಿ ಹೆಚ್ಚಾದರೆ ಕೈಗೆ ನಡುಕವೂ ತಾಳದ ಹಾಗೆ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಅವನ ತಂಗಿಗೆ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಮೊದಲೇ ಮಾತಾಗಿತ್ತು. ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ತಾಯಿ ಒಂದು ದಿನ ಮುಂಚೆಯೇ ಮನೆಗೆ ಬಂದು, ಕೋಣೆ ತೊಳೆದು, ತೊಟ್ಟಿಲು ಕಟ್ಟಿ, ಹಂಡೆಗೆ ನೀರು ತುಂಬಿಸಿದಳು. ಮಗನನ್ನು ಕರೆದು ಹೇಳಿದಳು: "ನಾಳೆ ಬುಧವಾರ. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಕೂಸು ನನ್ನ ಹೊಸ್ತಿಲು ದಾಟಿರಬೇಕು. ಒಂದು ನಿಮಿಷ ಹೆಚ್ಚಾದರೂ ನಾನು ಸುಮ್ಮನಿರುವವಳಲ್ಲ."

ಚಾಲಕ ಬೆಳಿಗ್ಗೆ ಎದ್ದು ಕಾರು ತೊಳೆದ. ಹಿಂದಿನ ಸೀಟಿಗೆ ತಾಯಿಯ ಹಳೆಯ ಹತ್ತಿ ಸೀರೆ ಹಾಸಿದ. ಆಸ್ಪತ್ರೆಗೆ ಹೋದ. ತಂಗಿ ಮಗುವನ್ನು ಅವನ ಕೈಗೆ ಕೊಟ್ಟಳು. ಅವನು ಅಷ್ಟು ಚಿಕ್ಕದನ್ನು ಎಂದೂ ಎತ್ತಿಕೊಂಡಿರಲಿಲ್ಲ. ಮಗು ಅವನ ಹೆಬ್ಬೆರಳು ಹಿಡಿದುಕೊಂಡಿತು. ಅವನು ಕೈ ಅಲ್ಲಾಡಿಸದೆ ನಿಂತ. ದಾದಿಯೊಬ್ಬಳು ದಾರಿ ಬಿಡಿ ಎಂದಾಗಲೂ ಹಾಗೆಯೇ ನಿಂತಿದ್ದ.

"ಅಣ್ಣ, ಕೊಡು ಇಲ್ಲಿ. ನೀನು ಕಾರು ನಡೆಸಬೇಕು," ಎಂದು ತಂಗಿ ನಕ್ಕಳು.

ಹತ್ತೂವರೆಗೆ ಹೊರಟರು. ಊರು ನಲವತ್ತು ಕಿಲೋಮೀಟರ್. ಚಾಲಕ ಅಭ್ಯಾಸದಂತೆ ಹಾಡು ಹಾಕಿದ. ತಂಗಿ ಹಿಂದಿನಿಂದ, "ಅಣ್ಣ, ಹಾಡು ಬೇಡ. ಈಗಷ್ಟೇ ಮಲಗಿದ್ದಾಳೆ," ಎಂದಳು. ಅವನು ಹಾಡು ನಿಲ್ಲಿಸಿದ.

ಆ ಕಾರಿನಲ್ಲಿ ಅಷ್ಟು ಮೌನ ಎಂದೂ ಇರಲಿಲ್ಲ. ಅವನು ಎಂದೂ ಅಷ್ಟು ನಿಧಾನವಾಗಿ ಕಾರು ನಡೆಸಿರಲಿಲ್ಲ. ಹಿಂದೆ ಲಾರಿಗಳು ಹಾರನ್ ಹೊಡೆದವು. ಮೂವರನ್ನು ಕೂರಿಸಿಕೊಂಡ ಒಂದು ಮೊಪೆಡ್ ಅವನನ್ನು ದಾಟಿ ಹೋಯಿತು. ಬೇರೆ ದಿನವಾಗಿದ್ದರೆ ಅವನು ಅದನ್ನು ಸಹಿಸುತ್ತಿರಲಿಲ್ಲ. ಅಂದು ಕೈ ಬೀಸಿ ದಾರಿ ಬಿಟ್ಟ. ಕನ್ನಡಿಯಲ್ಲಿ ಮಗುವಿನ ಮೂಗು ಕಾಣುತ್ತಿತ್ತು. ಅದು ತನ್ನ ಮೂಗೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಒಂದು ಸದ್ದು ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಕಾರು ನಿಧಾನವಾದರೆ ಸದ್ದೂ ನಿಧಾನವಾಯಿತು. ಕಾರು ಮುಂದೆ ಸಾಗಿದರೆ ಸದ್ದೂ ಬೇಗಬೇಗ ಬಂತು.

"ಏನಣ್ಣ ಅದು?" ಎಂದಳು ತಂಗಿ.

"ರಸ್ತೆ ಸರಿಯಿಲ್ಲ ಪುಟ್ಟಿ," ಎಂದ ಅವನು.

ರಸ್ತೆಗೆ ಆ ತಿಂಗಳೇ ಹೊಸದಾಗಿ ಡಾಂಬರು ಹಾಕಿದ್ದರು. ಅದು ಅವನಿಗೂ ಗೊತ್ತಿತ್ತು.

ಅವನ ಕೈ ಹಾಡಿನ ಗುಂಡಿಯ ಕಡೆಗೆ ಹೋಯಿತು. ಆಗ ಫೋನು ಬಂತು. ತಾಯಿ. "ಎಲ್ಲಿದ್ದೀರಿ? ಹನ್ನೊಂದೂಕಾಲು ಆಯಿತು. ಆರತಿ ತಟ್ಟೆ ಹಿಡಿದು ನಿಂತಿದ್ದೇನೆ. ಬೀದಿಯವರೆಲ್ಲ ಬಂದಿದ್ದಾರೆ," ಎಂದಳು. "ಬಂದೆವಮ್ಮ, ಒಂಬತ್ತು ಕಿಲೋಮೀಟರ್," ಎಂದು ಅವನು ಫೋನು ಇಟ್ಟ. ಒಂಬತ್ತು ಕಿಲೋಮೀಟರ್ ಎಂದರೆ ಎಷ್ಟು ಹೊತ್ತು? ಮನೆಗೆ ಹೋಗಿ ನೋಡಿಕೊಂಡರಾಯಿತು. ಮಗು ಹೊಸ್ತಿಲು ದಾಟಿದ ಮೇಲೆ ನಿಧಾನವಾಗಿ ನೋಡಿದರಾಯಿತು. ಹಾಗೆಂದುಕೊಂಡು ಕನ್ನಡಿ ನೋಡಿದ. ಮಗು ಆಕಳಿಸಿತು. ಇಡೀ ಮುಖವೇ ಬಾಯಾಗುವಂಥ ಆಕಳಿಕೆ.

ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

ಇಳಿದು ಒಂದೊಂದೇ ಗಾಲಿ ನೋಡಿದ. ಮುಂದಿನ ಎರಡೂ ಸರಿಯಿದ್ದ ಹಾಗೆ ಕಂಡವು. ಹಿಂದಿನ ಎಡಗಾಲಿಯ ಬಳಿ ಕೂತ. ನಾಲ್ಕು ನಟ್ಟುಗಳಲ್ಲಿ ಒಂದು ಇರಲಿಲ್ಲ. ಉಳಿದ ಮೂರನ್ನು ಬೆರಳಿನಲ್ಲೇ ತಿರುಗಿಸಬಹುದಾಗಿತ್ತು. ಆ ಗಾಲಿಯ ಮೇಲೆಯೇ, ಒಂದು ಗೇಣು ಆಚೆಗೆ, ತಂಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ತಂಗಿ ಕಿಟಕಿಯಿಂದ ತಲೆ ಹಾಕಿ, "ಪಂಕ್ಚರಾ ಅಣ್ಣ?" ಎಂದಳು. ಹೌದು ಎಂದುಬಿಡಬಹುದಾಗಿತ್ತು. ಅವನು, "ಇಲ್ಲ ಪುಟ್ಟಿ. ಗಾಲಿ ಬಿಚ್ಚಿಹೋಗುವುದರಲ್ಲಿತ್ತು. ನಾನೇ ಮಾಡಿಕೊಂಡಿದ್ದು," ಎಂದ. ತಂಗಿ ಮಗುವನ್ನು ಎದೆಗೆ ಎತ್ತಿಕೊಂಡಳು. ಆಮೇಲೆ, "ಹಾಗಾದರೆ ಕಾರಿನೊಳಗೆ ಕೂತು ಏನು ಮಾಡಲಿ? ಬಾಗಿಲು ತೆಗೆ," ಎಂದಳು.

ರಸ್ತೆಯ ಆಚೆಗೆ ಒಂದು ಪಂಕ್ಚರ್ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಇಂಥ ಕತೆಗಳಲ್ಲಿ ಹೆಸರು ಹೇಳುವ ವಾಡಿಕೆಯಿಲ್ಲ. ಆದರೂ ಅವಳ ಹೆಸರು ಹೇಳುತ್ತೇನೆ. ದುರುಗಮ್ಮ. ಲಾರಿಯ ಟೈರನ್ನು ಒಬ್ಬಳೇ ಉರುಳಿಸಿ, ಒಬ್ಬಳೇ ಬಿಚ್ಚುವವಳು. ಅವಳು ಮೊದಲು ಕಾರು ನೋಡಲಿಲ್ಲ. ಮಗುವನ್ನು ನೋಡಿದಳು. ಅಂಗಡಿಯ ನೆರಳಲ್ಲಿದ್ದ ಮಂಚದ ಮೇಲಿನ ಟ್ಯೂಬುಗಳನ್ನು ತೆಗೆದು, ತೊಳೆದಿಟ್ಟ ದುಪ್ಪಟಿ ಹಾಸಿ, ಬಾಣಂತಿಯನ್ನು ಕೂರಿಸಿದಳು. ಆಮೇಲೆ ಜ್ಯಾಕು, ನಟ್ಟು ಬಿಚ್ಚುವ ಪಾನ ತೆಗೆದುಕೊಂಡು ರಸ್ತೆ ದಾಟಿದಳು.

ಗಾಲಿ ನೋಡಿದವಳೇ, "ನಡುವೆ ಏನು ತುರುಕಿದ್ದೀಯಪ್ಪಾ?" ಎಂದಳು.

"ಸ್ಪೇಸರ್ ಅಕ್ಕಾ."

ದುರುಗಮ್ಮ ಬೈಯಲಿಲ್ಲ. ತನ್ನ ಡಬ್ಬಿ ಕೆದಕಿ, ಅದೇ ಅಳತೆಯ ಒಂದು ನಟ್ಟು ಹುಡುಕಿ ಅವನ ಕೈಗೆ ಕೊಟ್ಟಳು. "ಖಾಲಿ ಇರುವ ಕಡೆ ನೀನೇ ಹಾಕು. ಕೈಯಲ್ಲೇ ತಿರುಗಿಸು. ಎಷ್ಟು ಸುತ್ತು ಹೋಗುತ್ತದೆ, ಎಣಿಸು," ಎಂದಳು.

ಅವನು ತಿರುಗಿಸಿದ. "ಒಂದು. ಎರಡು. ಮೂರು." ನಟ್ಟು ಗಾಲಿಗೆ ತಾಗಿ ನಿಂತಿತು.

ಅವಳು ಜ್ಯಾಕು ಹಾಕಿ ಗಾಲಿ ಬಿಚ್ಚಿದಳು. ಬಿಲ್ಲೆಯನ್ನು ಹೊರಗೆ ಎಳೆದಳು. ಬೋಲ್ಟುಗಳನ್ನು ಬಟ್ಟೆಯಲ್ಲಿ ಒರೆಸಿ, ನಟ್ಟು ಹತ್ತುವ ತ್ರೆಡ್ಡು ಸವೆದಿಲ್ಲ ಎಂದು ಉಗುರಿನಿಂದ ನೋಡಿಕೊಂಡಳು. ಗಾಲಿಯನ್ನು ಮೊದಲಿದ್ದ ಹಾಗೆ ನೇರವಾಗಿ ಹಬ್ ಮೇಲೆ ಕೂರಿಸಿದಳು. "ಈಗ ಎಣಿಸು," ಎಂದಳು.

ಅವನು ಎಣಿಸಿದ. ಮೂರಕ್ಕೆ ನಿಲ್ಲಲಿಲ್ಲ. ಐದಕ್ಕೂ ನಿಲ್ಲಲಿಲ್ಲ. "ಎಂಟು. ಒಂಬತ್ತು. ಹತ್ತು," ಎಂದು ಅವನ ದನಿ ತಾನಾಗಿಯೇ ಜೋರಾಯಿತು. ರಸ್ತೆಯ ಆಚೆಯಿಂದ ತಂಗಿ ನಕ್ಕಳು. "ಅಣ್ಣ, ನಿನ್ನ ಸೊಸೆಗೆ ಮಗ್ಗಿ ಈಗಲೇ ಶುರು ಮಾಡಿದೆಯಾ?" ಎಂದು ಕೂಗಿದಳು. ಮಗು ಎದ್ದು ಅತ್ತಿತು.

"ನೋಡು," ಎಂದಳು ದುರುಗಮ್ಮ. "ಮೊದಲು ಗಾಲಿ ಹಬ್ ಮೇಲೆ ಕೂತಿತ್ತು. ನಟ್ಟು ಅದನ್ನು ಹಿಡಿದುಕೊಂಡಿತ್ತು. ನೀನು ಈ ಬಿಲ್ಲೆ ಇಟ್ಟ ಮೇಲೆ ಗಾಲಿಗೆ ಕೂರಲು ಜಾಗವಿಲ್ಲ. ನಟ್ಟಿಗೆ ನೇತು ಬಿದ್ದಿತ್ತು. ನಟ್ಟಿಗಾದರೂ ಹಿಡಿಯಲು ಏನಿದೆ? ಮೂರೇ ಸುತ್ತು."

ಚಾಲಕ ಉಳಿದ ಮೂರು ಗಾಲಿಗಳನ್ನೂ ತಾನೇ ಬಿಚ್ಚುತ್ತೇನೆ ಎಂದ. ಅವಳು ಪಾನವನ್ನು ಅವನ ಕೈಗೆ ಕೊಟ್ಟು ಬದಿಯಲ್ಲಿ ನಿಂತು ನೋಡಿದಳು. ಅವನು ಒಂದೊಂದು ನಟ್ಟನ್ನೂ ಹತ್ತರವರೆಗೆ ಎಣಿಸಿ ಹಾಕಿದ. ಗಾಳಿ ಹಾಕಿಸಲು ನಿಂತ ಲಾರಿಯವರು ಸುತ್ತ ಸೇರಿದರು. ಅವರೂ ಎಣಿಸತೊಡಗಿದರು. ಒಬ್ಬ ಏಳಾದ ಮೇಲೆ ಒಂಬತ್ತು ಎಂದ. ಎಲ್ಲರೂ ಸೇರಿ ಅವನನ್ನು ತಿದ್ದಿದರು.

ಅಷ್ಟರಲ್ಲಿ ಹನ್ನೆರಡು ಹೊಡೆದು ಎಷ್ಟೋ ಹೊತ್ತಾಗಿತ್ತು. ತಡವಾಗುತ್ತದೆ ಎಂದು ಚಾಲಕ ಮೊದಲೇ ತಾಯಿಗೆ ಫೋನು ಮಾಡಿದ್ದ. ಯಾಕೆ ಎಂದೂ ಹೇಳಿದ್ದ. ತಾಯಿ ಫೋನು ಇಟ್ಟುಬಿಟ್ಟಿದ್ದಳು. ಕೊನೆಯ ಗಾಲಿ ಬಿಗಿಯುವ ಹೊತ್ತಿಗೆ ಊರಿನ ಕಡೆಯಿಂದ ಒಂದು ಆಟೊ ಬಂತು. ಅದರಿಂದ ತಾಯಿ ಇಳಿದಳು. ಅವಳ ಕೈಯಲ್ಲಿ ಆರತಿ ತಟ್ಟೆ ಇತ್ತು. ಹಿಂದೆ ಪಕ್ಕದ ಮನೆಯ ಇಬ್ಬರು ಹೆಂಗಸರು ಇಳಿದರು. ಒಬ್ಬಳ ಕೈಯಲ್ಲಿ ಸಕ್ಕರೆಯ ಡಬ್ಬಿ, ಇನ್ನೊಬ್ಬಳ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು.

ತಾಯಿ ಮಗನ ಕಡೆ ನೋಡಲೂ ಇಲ್ಲ. ನೇರವಾಗಿ ಮಂಚದ ಬಳಿಗೆ ಹೋಗಿ, ಮಗಳ ಮುಖ ಸವರಿ, ಮಗುವಿನ ಪಾದ ಮುಟ್ಟಿ ನೋಡಿದಳು. ಆಮೇಲೆ ಪಂಕ್ಚರ್ ಅಂಗಡಿಯ ಮುಂದೆಯೇ, ಟೈರುಗಳ ನಡುವೆ, ಬಾಣಂತಿ ಮಗು ಇಬ್ಬರಿಗೂ ಆರತಿ ಎತ್ತಿದಳು.

"ಅಮ್ಮ, ರಾಹುಕಾಲ!" ಎಂದಳು ಮಗಳು.

"ಇದ್ದರೆ ಇರಲಿ ಬಿಡೇ," ಎಂದಳು ತಾಯಿ. "ಆ ರಾಹುವೂ ಬಂದು ಕೂಸಿನ ಮುಖ ನೋಡಿಕೊಂಡು ಹೋಗಲಿ."

ಸಕ್ಕರೆ ಹಂಚಿದರು. ದುರುಗಮ್ಮನಿಗೆ ಎರಡು ಹಿಡಿ. ಲಾರಿಯವರು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ಬೊಗಸೆ ಒಡ್ಡಿದರು. ತಪ್ಪು ಎಣಿಸಿದವನು ಮಗುವಿಗೆ ಏನು ಹೆಸರಿಡುತ್ತೀರಿ ಎಂದು ಕೇಳಿ, ತಾನೇ ನಾಲ್ಕು ಹೆಸರು ಹೇಳಿದ. ನಾಲ್ಕೂ ಅವನ ಹೆಂಡತಿಯ ಕಡೆಯವರ ಹೆಸರುಗಳು. ಆ ನೆರಳಲ್ಲಿ ಆ ಮಧ್ಯಾಹ್ನ ಒಂದು ಮದುವೆಯ ಮನೆಯಷ್ಟು ಗಲಾಟೆಯಿತ್ತು.

ಹೊರಡುವ ಮುಂಚೆ ಚಾಲಕ ದುರುಗಮ್ಮನ ಬಳಿಗೆ ಹೋದ. ಬಿಲ್ಲೆಗಳು ಅವನ ಕೈಯಲ್ಲಿದ್ದವು. "ಅಕ್ಕಾ, ಹಾಗಾದರೆ ಇದನ್ನು ಯಾರೂ ಹಾಕಿಸಲೇಬಾರದಾ?" ಎಂದು ಕೇಳಿದ.

ಅವಳು ಯೋಚಿಸಿದಳು. ಗೊತ್ತಿಲ್ಲದ್ದನ್ನು ಹೇಳುವವಳಲ್ಲ. "ಹಾಗಲ್ಲಪ್ಪ. ಇದೇ ಕಾರಿಗೆ ಅಂತ ಅಳತೆ ಮಾಡಿದ್ದು ಇರುತ್ತದೆ. ಹಬ್ ಮೇಲೆ ಸರಿಯಾಗಿ ಕೂರುತ್ತದೆ, ಬೋಲ್ಟೂ ಉದ್ದ ಬರುತ್ತದೆ. ಅದನ್ನು ತಿಳಿದವರ ಕೈಯಲ್ಲಿ ಹಾಕಿಸಬೇಕು. ಹಾಕಿಸಿದರೂ ಬೇರಿಂಗಿಗೆ ಭಾರ ಹೆಚ್ಚೇ. ನೂರು ಕಿಲೋಮೀಟರಿಗೆ ಬಿಗಿ ನೋಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ನೀನು ನೋಡುತ್ತೀಯಾ?"

ಚಾಲಕ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ ಅಕ್ಕಾ. ನೋಡುವುದಿಲ್ಲ," ಎಂದ.

"ಹಾಗಾದರೆ ನಿನಗೆ ಬೇಡ," ಎಂದಳು. ಇಬ್ಬರೂ ನಕ್ಕರು.

ಮನೆಗೆ ಹೋದ ಮೇಲೆ ಒಂದು ಬಿಲ್ಲೆಯನ್ನು ತಾಯಿ ಮಡಕೆ ಕೂರಿಸಲು ಇಟ್ಟುಕೊಂಡಳು. ಉಳಿದ ಮೂರನ್ನು ಪಕ್ಕದ ಮನೆಯವರು ಕೇಳಿ ಒಯ್ದರು. ಮಾರನೆಯ ದಿನ ಸ್ಟ್ಯಾಂಡಿನಲ್ಲಿ, "ಏನಪ್ಪಾ, ಸಾಹುಕಾರ ಮತ್ತೆ ಬಂದ!" ಎಂದು ಕೂಗಿದರು. ಚಾಲಕ ಅಂದು ಎಲ್ಲರಿಗಿಂತ ಹೆಚ್ಚು ನಕ್ಕ. ಜೇಬಿನಿಂದ ಸಕ್ಕರೆ ತೆಗೆದು, ನಗುತ್ತಿದ್ದ ಬಾಯಿಗಳಿಗೆಲ್ಲ ಒಂದೊಂದು ಚಿಟಿಕೆ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಿದ್ದ. ರಾಹುವಿನ ಬಗ್ಗೆ ಆ ತಾಯಿ ಆಡಿದ ಮಾತು ಅವನಿಗೆ ಬಹಳ ಹಿಡಿಸಿತ್ತು. ಆಮೇಲೆ ಅವನು ಕೇಳಿದ:

"ಹಾಗಾದರೆ ನಾನೇನು ಮಾಡಲಿ, ಗುರುಗಳೇ? ಹಾಕಿಸಲೋ, ಬೇಡವೋ?"

"ಬೆಳಿಗ್ಗೆ ನಿನ್ನ ಕಾರು ನಮ್ಮ ಗೇಟಿನೊಳಗೆ ಬಂದಾಗ, ಮಗೂ, ಆ ಟಕ್ ಟಕ್ ಸದ್ದು ನನಗೆ ಕೇಳಿಸಿತು," ಎಂದರು ಗುರುಗಳು.

ಶಿಷ್ಯ ಎದ್ದು ತನ್ನ ಕಾರಿನ ಬಳಿಗೆ ಹೋಗಿ, ಡಿಕ್ಕಿಯಿಂದ ಪಾನ ತೆಗೆದ.